ಸೋಮವಾರಕ್ಕೊಮ್ಮೆ ಸಾಯುತ್ತಿದ್ದ ಪ್ರೋಗ್ರಾಂ

2024ರ ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಹನ್ನೊಂದು ಬೇಳೆ ಗಿರಣಿಗಳ ಕಂಪ್ಯೂಟರುಗಳು ನನ್ನ ಜವಾಬ್ದಾರಿಯಲ್ಲಿದ್ದವು. ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ, ಸ್ವಯಂನಿವೃತ್ತಿ ಪಡೆದು, ಕುಸನೂರ ರಸ್ತೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೇಜು ಹಾಕಿಕೊಂಡು ಗಿರಣಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ಶುರು ಮಾಡಿದ್ದೆ. ಗಿರಣಿಯವರು ನನ್ನನ್ನು ‘ಕಂಪ್ಯೂಟರ್ ಮೇಡಂ’ ಎನ್ನುತ್ತಾರೆ. ಬೆನ್ನ ಹಿಂದೆ ‘ಸಿಟ್ಟಿನ ಮೇಡಂ’ ಎನ್ನುತ್ತಾರೆ. ಎರಡೂ ಖರೆಯೇ. ಆ ವರ್ಷ ನಾನು ಎರಡು ತಪ್ಪು ಮಾಡಿದೆ. ಪ್ರೋಗ್ರಾಂನಲ್ಲಿ ಮಾಡಿದ್ದು ಸಣ್ಣದು, ಕಾಗದದ ಮೇಲೆ ಮಾಡಿದ್ದು ದೊಡ್ಡದು. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ಆ ತಪ್ಪುಗಳು ನಡೆದ ಗಿರಣಿ ಇದ್ದದ್ದು ನಂದೂರ ಕೈಗಾರಿಕಾ ಪ್ರದೇಶದಲ್ಲಿ. ಅದರ ಹೆಸರು ಬೇಡ. ಮಾಲೀಕರನ್ನು ಅಲ್ಲಿನವರೆಲ್ಲ ಸಾಹುಕಾರ್ರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಅವರು ಕೊರಿಯಾ ದೇಶದಿಂದ ಒಂದು ಕಲರ್ ಸಾರ್ಟರ್ ತರಿಸಿದ್ದರು. ಕೆಲಸಗಾರರ ಬಾಯಲ್ಲಿ ಅದು ಕ್ಯಾಮೆರಾ ಮಶೀನು. ಮೇಲಿನಿಂದ ಬೇಳೆ ಜಲಪಾತದಂತೆ ಬೀಳುತ್ತದೆ. ಗಾಜಿನ ಹಿಂದಿರುವ ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ. ಕಪ್ಪು ಕಾಳು, ಸಿಪ್ಪೆ, ಹರಳು ಕಂಡರೆ ಪುಟ್ಟ ಕೊಳವೆಯಿಂದ ಗಾಳಿ ಹೊಡೆದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಯಾವಾಗ ಎಷ್ಟು ಹೊಡೆಯಬೇಕು ಎಂದು ಅಪ್ಪಣೆ ಕೊಡುವುದು, ಯಂತ್ರ ಕಳಿಸುವ ಸೂಚನೆಗಳನ್ನು ಪರದೆಯ ಮೇಲೆ ತೋರಿಸುವುದು ನಾನು ಬರೆದ ಪ್ರೋಗ್ರಾಂ.

ಆ ಯಂತ್ರ ನಡೆಸುತ್ತಿದ್ದವಳು ಮಹಾದೇವಿ. ಕಮಲಾಪುರದವಳು, ವಯಸ್ಸು ಮೂವತ್ತೆಂಟರ ಆಚೀಚೆ. ಹನ್ನೆರಡು ವರ್ಷ ಇದೇ ಗಿರಣಿಯಲ್ಲಿ ಮೊರ ಹಿಡಿದು ಕೂತು ಕಾಳು ಆರಿಸಿದವಳು. ಯಂತ್ರ ಬಂದಾಗ ಆರಿಸುವ ಹೆಂಗಸರ ಕೆಲಸ ಹೋಯಿತು. ಉಳಿದವರು ಬೇರೆ ದಾರಿ ನೋಡಿಕೊಂಡರು. ಮಹಾದೇವಿ ಮಾತ್ರ ಚೀಲ ಹೊಲಿಯುವ ಕೆಲಸಕ್ಕೆ ನಿಂತು, ಊಟದ ಹೊತ್ತಿನಲ್ಲಿ ಯಂತ್ರದ ಮುಂದೆ ನಿಂತು ನೋಡಿ ನೋಡಿ, ಮೆಕ್ಯಾನಿಕ್ ರಫೀಕ್‌ಭಾಯಿಯ ತಲೆ ತಿಂದು ಅದನ್ನು ಕಲಿತಳು. ಒಂದು ವರ್ಷದಲ್ಲಿ ಬೆಳಗಿನ ಪಾಳಿಯ ಆಪರೇಟರ್ ಆದಳು. ಆ ಸಾಲಿನ ಗಿರಣಿಗಳಲ್ಲಿ ಯಂತ್ರ ನಡೆಸುವ ಹೆಂಗಸನ್ನು ನಾನು ಅದೇ ಮೊದಲು ಕಂಡದ್ದು.

ಓದಿದ್ದು ಏಳನೆಯ ಇಯತ್ತೆ. ಪರದೆಯ ಇಂಗ್ಲಿಷನ್ನು ಬಣ್ಣ ನೋಡಿ, ಜಾಗ ನೋಡಿ ಗುರುತಿಟ್ಟುಕೊಂಡಿದ್ದಳು. ಒಂದು ದಿನ ನನ್ನನ್ನು ತಡೆದು ಕೇಳಿದಳು: “ಅಕ್ಕಾರ, ಇದು ಕನ್ನಡದಾಗ ಬರಂಗಿಲ್ಲೇನ್ರಿ? ಕಾಳಂತೂ ಕನ್ನಡದ್ದೇ ಅವ.”

ನನಗೆ ನಗೆ ಬಂತು, ನಾಚಿಕೆಯೂ ಆಯಿತು. 2023ರ ದೀಪಾವಳಿಯಾದ ವಾರದಲ್ಲೇ ಕನ್ನಡ ಹಾಕಿಕೊಟ್ಟೆ. ‘ಗಾಳಿ ಒತ್ತಡ ಕಡಿಮೆ’, ‘ತೊಟ್ಟಿ ಖಾಲಿ’ ಎಂದು ಪರದೆಯ ಮೇಲೆ ಮೂಡಿದಾಗ ಅವಳು ಜೋರಾಗಿ ಓದಿ, ಪಕ್ಕದಲ್ಲಿದ್ದವರಿಗೂ ಓದಿಸಿದಳು. ನಾನು ಉಬ್ಬಿಹೋದೆ. ಮನೆಗೆ ಬಂದು ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದೆ.

ಆಮೇಲೆ ಶುರುವಾಯಿತು ಪೀಡೆ. ಬೆಳಗಿನ ಪಾಳಿ ಶುರುವಾಗಿ ಹತ್ತು ಹನ್ನೆರಡು ನಿಮಿಷಕ್ಕೆ ಪ್ರೋಗ್ರಾಂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಇದನ್ನೇ ನಮ್ಮ ವೃತ್ತಿಯಲ್ಲಿ ಕ್ರ್ಯಾಶ್ ಎನ್ನುತ್ತೇವೆ. ಮತ್ತೆ ಚಾಲೂ ಮಾಡಿದರೆ ಇಡೀ ದಿನ ಸುಸೂತ್ರ. ಆದರೆ ಆ ನಡುವಿನ ಎರಡು ಮೂರು ನಿಮಿಷ ಗಾಳಿ ನಿಂತಿರುತ್ತಿತ್ತು, ಬೇಳೆ ಬೀಳುತ್ತಲೇ ಇರುತ್ತಿತ್ತು. ಕಪ್ಪು ಕಾಳು, ಹರಳು ಎಲ್ಲ ಒಳ್ಳೆಯ ಬೇಳೆಯ ಜೊತೆ ಚೀಲ ಸೇರುತ್ತಿದ್ದವು. ಜನವರಿ ಕೊನೆಗೆ ಹೈದರಾಬಾದಿಗೆ ಹೋಗಿದ್ದ ಒಂದು ಲಾರಿ ಮಾಲು ತುಂಬಿಕೊಂಡೇ ವಾಪಸು ಬಂತು. ಸಾಹುಕಾರ್ರು ಫೋನಿನಲ್ಲಿ ನನಗೆ ನಮಸ್ಕಾರವನ್ನೂ ಹೇಳಲಿಲ್ಲ. ಗಿರಣಿಗೆ ಹೋಗಿ ಯಂತ್ರದ ಬಾಗಿಲು ತೆಗೆದು ನೋಡಿದೆ, ಏನೂ ಕಾಣಲಿಲ್ಲ.

ರಫೀಕ್‌ಭಾಯಿ ಒಂದು ನೋಟ್‌ಬುಕ್ಕಿನಲ್ಲಿ ‘ಕಂಪ್ಯೂಟರ್ ಬಂದ್’ ಎಂದು ಡಿಸೆಂಬರ್ ನಡುವಿನಿಂದ ದಿನ, ವೇಳೆ ಬರೆದಿಟ್ಟಿದ್ದ. ಏಳು ಸಲ ಆಗಿತ್ತು. ಏಳೂ ಮಹಾದೇವಿಯ ಪಾಳಿಯಲ್ಲಿ. ಏಳೂ ಸೋಮವಾರ. ಸೋಮವಾರವೇ ಏಕೆ ಎಂಬ ಪ್ರಶ್ನೆ ನನ್ನ ತಲೆಗೂ ಬಂತು, ಉತ್ತರವನ್ನೂ ನಾನೇ ಕೊಟ್ಟುಕೊಂಡೆ: ಭಾನುವಾರ ಗಿರಣಿ ಬಂದ್, ಸೋಮವಾರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ, ಏನೋ ಎಡವಟ್ಟು. ಕಂಪ್ಯೂಟರ್ ಉಳಿಸಿದ್ದ ದಾಖಲೆಯಲ್ಲಿ ‘ಸ್ಟ್ಯಾಕ್ ಓವರ್‌ಫ್ಲೋ’ ಎಂದಿತ್ತು. ಅಂದರೆ ಪ್ರೋಗ್ರಾಂ ತನ್ನ ಕೆಲಸದ ಲೆಕ್ಕವಿಡಲು ಇಟ್ಟುಕೊಂಡ ನೆನಪಿನ ಜಾಗ ತುಂಬಿ ಚೆಲ್ಲಿದೆ. ಏಕೆ ತುಂಬಿತು ಎಂದು ಅದು ಹೇಳುವುದಿಲ್ಲ. ಅಷ್ಟರಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದ್ದ ಒಂದು ಮೊಬೈಲ್ ಚಾರ್ಜಿಂಗ್ ವೈರು ನನ್ನ ಕಣ್ಣಿಗೆ ಬಿತ್ತು.

“ಮಾದೇವಿ, ಇದಕ್ಕ ನಿನ್ನ ಫೋನ್ ಹಚ್ಚಿದ್ದೇನು?”

“ಒಂದ್ ಸಲ ಹಚ್ಚೀನ್ರಿ ಅಕ್ಕಾರ. ಸುಳ್ಳು ಯಾಕ ಹೇಳ್ಲಿ.”

“ಮತ್ತ ಮಶೀನಿಗೆ ಏನ್ ಮಾಡೀದಿ?”

“ಏನೂ ಮಾಡಿಲ್ರಿ.”

ನನಗೆ ಅಷ್ಟು ಸಾಕಾಯಿತು. ಸುಗ್ಗಿಯ ಗಡಿಬಿಡಿ, ಇನ್ನೂ ಹತ್ತು ಗಿರಣಿಗಳು ಕಾಯುತ್ತಿದ್ದವು. ಅಲ್ಲೇ ಮೇಜಿನ ಮೇಲೆ ವರದಿ ಬರೆದೆ: ‘ಕಾರಣ: ಆಪರೇಟರ್ ತಪ್ಪು. ಕಂಪ್ಯೂಟರಿಗೆ ಮೊಬೈಲ್ ಜೋಡಿಸಿದ್ದು.’ ಸಹಿ ಹಾಕಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಸಾಹುಕಾರ್ರು ಅದನ್ನು ಮಧ್ಯಾಹ್ನ ಎಲ್ಲರನ್ನೂ ಕೂಡಿಸಿ ಓದಿದರಂತೆ. ಮಹಾದೇವಿಯನ್ನು ಅಂದೇ ಮನೆಗೆ ಕಳಿಸಿದರು.

ಮುಂದಿನ ಸೋಮವಾರ ಕ್ರ್ಯಾಶ್ ಆಗಲಿಲ್ಲ. ಅದರ ಮುಂದಿನ ಸೋಮವಾರವೂ ಆಗಲಿಲ್ಲ. ನೋಡಿದೆಯಾ, ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ನಾಲ್ಕೈದು ವಾರ ಕಳೆಯಿತು. ಶಿವರಾತ್ರಿ ಬಂತು. ಅಂದು ಶುಕ್ರವಾರ. ಗಿರಣಿಯಲ್ಲಿ ಪೂಜೆ ಮುಗಿಸಿ ಮಧ್ಯಾಹ್ನದವರೆಗೆ ನಡೆಸುವುದೆಂದು ಮಾತಾಗಿತ್ತು. ಹತ್ತು ಗಂಟೆಗೆ ರಫೀಕ್‌ಭಾಯಿಯ ಫೋನು.

“ಮೇಡಂ, ಫಿರ್ ಬಂದ್ ಆಗ್ಯಾದ ನೋಡ್ರಿ.”

“ಫೋನ್ ಯಾರ್ ಹಚ್ಚಿದ್ರು?”

“ಯಾರೂ ಹಚ್ಚಿಲ್ಲ. ವೈರೇ ನಾ ಅವತ್ತೇ ಕಿತ್ತಿ ಒಗದೀನಿ.” ಅವನೇ ಮುಂದುವರಿಸಿದ: “ಮೇಡಂ, ಆ ಹೆಣ್ಮಗಳು ಇಲ್ಲೇ ಇಲ್ಲ. ಮತ್ತ ಯಾರ್ ತಪ್ಪು ಇದು?”

ಫೋನು ಇಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಹಾಕಿದವಳು ನಾನು. ಮರುದಿನ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಬಸ್ ಸ್ಟ್ಯಾಂಡಿನ ಹೊರಗೆ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿದ್ದರು. ಹಣ್ಣಿನವಳನ್ನೇ ಮನೆ ಕೇಳಿದೆ. “ಗಿರಣಿ ಮಾದೇವಿ ಏನ್ರಿ? ಈಗ ತೋಟಕ್ಕ ಹೋಗ್ತಾಳ್ರಿ ಆಕಿ” ಎಂದು ದಾರಿ ತೋರಿಸಿದಳು.

ಮಹಾದೇವಿ ಬಾಳೆ ತೋಟದಿಂದ ಊಟಕ್ಕೆ ಬಂದಿದ್ದಳು. ಕೈಗೆಲ್ಲ ಬಾಳೆಯ ಕರೆ. ನನ್ನನ್ನು ನೋಡಿ ಒಂದು ಕ್ಷಣ ಹೊಸ್ತಿಲಲ್ಲೇ ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಅನ್ನಿಸಿತು. ಅವಳು ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದಿಟ್ಟು, ಚಾಪೆ ಹಾಸಿದಳು. ಬಾಳೆಹಣ್ಣು ಇಟ್ಟಳು.

“ಮಾದೇವಿ, ನಿನ್ನೆ ಮತ್ತ ಬಂದ್ ಆಗ್ಯಾದ. ನೀ ಇರಲಾರದಾಗ.”

“ಕೇಳೀನ್ರಿ. ರಫೀಕಣ್ಣ ಫೋನ್ ಮಾಡಿದ್ದ.” ಅವಳು ನೆಲ ನೋಡುತ್ತ ಹೇಳಿದಳು: “ಅಕ್ಕಾರ, ಕೆಲಸ ಹೋಗಿದ್ದಕ್ಕ ನಾ ಇಷ್ಟು ಸಂಕಟ ಪಟ್ಟಿಲ್ಲ. ಬ್ಯಾರೆ ಎರಡು ಗಿರಣಿಗೆ ಹೋಗಿ ಕೇಳೀನಿ. ನಾ ಹೊಂಟ ಮ್ಯಾಲ, ಆಕಿ ಕೈಗುಣ ಛಲೋ ಇಲ್ಲ, ಮುಟ್ಟಿದ್ ಮಶೀನು ಬಂದ್ ಬೀಳ್ತದ ಅಂದ್ರಂತ. ಹನ್ನೆರಡು ವರ್ಷ ಇದೇ ಕೈಲೆ ಕಾಳು ಆರಿಸೀನಿ ನಾ.”

ಆ ಮಾತು ಕೇಳಿ ನನಗೆ ಅಳು ಬಂತು, ಅತ್ತೆ. ಐವತ್ತೇಳು ವರ್ಷದ ಹೆಂಗಸು ಕಮಲಾಪುರದ ಪಡಸಾಲೆಯಲ್ಲಿ ಕೂತು ಕಣ್ಣೊರೆಸಿಕೊಂಡದ್ದನ್ನು ಬರೆಯಲು ನನಗೇನೂ ಸಂಕೋಚವಿಲ್ಲ. ಆಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು, ತಿಂಗಳ ಹಿಂದೆಯೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆ.

“ಸೋಮವಾರ ಎದ್ದಾಗಿಂದ ಏನೇನ್ ಮಾಡ್ತಿದ್ದಿ, ಒಂದೂ ಬಿಡಲಾರದಂಗ ಹೇಳು.”

ಅವಳು ಹೇಳಿದಳು. ನಸುಕಿನಲ್ಲಿ ಎದ್ದು, ಜಳಕ ಮಾಡಿ, ಮೊದಲ ಬಸ್ಸು ಹಿಡಿಯುವುದು. ಸೋಮವಾರ ಮಾತ್ರ ನಡುವೆ ಇಳಿದು ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ, ಕೈಮುಗಿದು, ವಿಭೂತಿ ಪೊಟ್ಟಣ ಕಟ್ಟಿಕೊಂಡು ಗಿರಣಿಗೆ ಬರುವುದು. ಯಂತ್ರದ ಬಾಗಿಲು ತೆಗೆದು, ಒಳಗಿನ ಗಾಜನ್ನು ಹತ್ತಿ ಬಟ್ಟೆಯಿಂದ ಒರೆಸುವುದು. ಇದು ಪ್ರತಿ ಆಪರೇಟರ್ ದಿನಾ ಮಾಡಲೇಬೇಕಾದ ಕೆಲಸ.

“ಒರಸಿ, ಹಣಿಗೆ ವಿಭೂತಿ ಹಚ್ಚಿ, ಬಾಗಿಲ ಹಾಕಿ, ಚಾಲೂ ಮಾಡ್ತೀನ್ರಿ.”

“ಯಾರ್ ಹಣಿಗೆ?”

“ಮಶೀನಿನ ಹಣಿಗ್ರಿ.”

ನಾನು ಪೆನ್ನು ಕೆಳಗಿಟ್ಟೆ. “ಮಶೀನಿಗೆ ಏನೂ ಮಾಡಿಲ್ಲ ಅಂದಿದ್ದಿ ಅವತ್ತು!”

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅಯ್ಯ ಶಿವನೇ, ವಿಭೂತಿ ಹಚ್ಚೋದು ಮಶೀನಿಗೆ ಏನರ ಮಾಡಿದಂಗ ಏನ್ರಿ? ಮಾರಿ ತೊಳದ ಮ್ಯಾಲ ಹಣಿ ಬರಿದು ಬಿಡ್ತಾರೇನು? ನೀವು ಖಂಡೇಪೂಜಿ ದಿನ ನಿಮ್ಮ ಕಂಪ್ಯೂಟರಿಗೆ ಹಚ್ಚಂಗಿಲ್ಲೇನು?”

ಹಚ್ಚುತ್ತೇನೆ. ಪ್ರತಿ ವರ್ಷ, ಆಯುಧಪೂಜೆಯ ದಿನ. ನನ್ನನ್ನು ಯಾರಾದರೂ ‘ಕಂಪ್ಯೂಟರಿಗೆ ಏನು ಮಾಡಿದಿರಿ’ ಎಂದು ಕೇಳಿದರೆ ನಾನೂ ಏನೂ ಮಾಡಿಲ್ಲ ಎಂದೇ ಹೇಳುತ್ತೇನೆ. ಶಿವರಾತ್ರಿಯ ದಿನ ಸಾಹುಕಾರ್ರು ತಾವೇ ಬಾಗಿಲು ತೆಗೆಸಿ ಯಂತ್ರಕ್ಕೆ ವಿಭೂತಿ ಹಚ್ಚಿರಬೇಕು ಎಂದು ಆಗಲೇ ಹೊಳೆಯಿತು. ಫೋನಿನಲ್ಲಿ ಯಂತ್ರದ ಚಿತ್ರ ತೋರಿಸಿದೆ. ಮಹಾದೇವಿ ಗಾಜಿನ ಮೇಲಂಚಿನ ಕಪ್ಪು ಪಟ್ಟಿಯ ಮೇಲೆ ಬೆರಳಿಟ್ಟಳು. ಕ್ಯಾಮೆರಾದ ಕಣ್ಣಿಗೆ ಅಡ್ಡ ಬರಬಾರದೆಂದು ಲೆಕ್ಕ ಹಾಕಿಯೇ ಆ ಜಾಗ ಆರಿಸಿದ್ದಳು. ಧೂಳು ಕೂತಿದೆಯೇ ಎಂದು ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ನೋಡುವ ಸೆನ್ಸರ್ ಇರುವುದು ಸರಿಯಾಗಿ ಅದರ ಹಿಂದೆ.

ಏಳಬೇಕೆನ್ನುವಾಗ ಅವಳು ಇನ್ನೊಂದು ಮಾತು ಹೇಳಿದಳು. “ಖರೆ ಅಕ್ಕಾರ, ಕನ್ನಡ ಬರೂದಕ್ಕಿಂತ ಮೊದಲೂ ನಾ ವಿಭೂತಿ ಹಚ್ತಿದ್ದೆ. ಆಗ ಬಂದ್ ಆಗ್ತಿದ್ದಿಲ್ಲ. ಪರದಾದ ಮ್ಯಾಲ ಒಂದ್ ಸಾಲು ಡಬ್ಬಿ ಡಬ್ಬಿ ಬಂದು ಹೋಗ್ತಿತ್ತು, ಅಷ್ಟೇ. ಈಗ ಡಬ್ಬಿ ಬರಂಗಿಲ್ಲ, ಪೂರಾ ಹೋಗಿಬಿಡ್ತದ.”

ಡಬ್ಬಿ ಎಂದರೆ ಖಾಲಿ ಚೌಕಗಳು. ತನಗೆ ಬರೆಯಲು ಬಾರದ ಅಕ್ಷರ ಬಂದಾಗ ಕಂಪ್ಯೂಟರ್ ಅದರ ಜಾಗದಲ್ಲಿ ಖಾಲಿ ಚೌಕ ಹಾಕುತ್ತದೆ. ಅಂದರೆ ಯಂತ್ರ ಆ ಹೊತ್ತಿಗೆ ಏನನ್ನೋ ಹೇಳುತ್ತಿತ್ತು, ಇಂಗ್ಲಿಷೂ ಅಲ್ಲದ ಕನ್ನಡವೂ ಅಲ್ಲದ ಅಕ್ಷರದಲ್ಲಿ. ಕನ್ನಡ ಹಾಕಿದ ಮೇಲೆ ಆ ಚೌಕಗಳು ಹೋಗಿ ಕ್ರ್ಯಾಶ್ ಬಂದಿದೆ. ಕನ್ನಡ ಹಾಕಿದವಳು ಯಾರು? ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅರ್ಧ ಗೊತ್ತಾಗಿಹೋಗಿತ್ತು.

ಮರುದಿನ ಭಾನುವಾರ, ಗಿರಣಿ ಬಂದ್. ರಫೀಕ್‌ಭಾಯಿಯನ್ನು ಕರೆಸಿ ಬೀಗ ತೆಗೆಸಿದೆ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವಿನ ಕೇಬಲ್ಲಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿದೆ, ಅತ್ತಿಂದಿತ್ತ ಹೋಗುವ ಪ್ರತಿ ಮಾತೂ ದಾಖಲಾಗಲಿ ಎಂದು. ಗಾಜು ಒರೆಸಿ, ಮೇಲಂಚಿಗೆ ಮೂರು ಬೆರಳಿನ ವಿಭೂತಿ ಎಳೆದು ಚಾಲೂ ಮಾಡಿದೆವು. ಹನ್ನೊಂದನೆಯ ನಿಮಿಷಕ್ಕೆ ಪ್ರೋಗ್ರಾಂ ಸತ್ತಿತು. ಅದಾದ ಸ್ವಲ್ಪ ಹೊತ್ತಿಗೆ ಯಂತ್ರದೊಳಗಿನ ಬ್ರಷ್ ತಾನೇ ಓಡಿ ಗಾಜನ್ನು ಒರೆಸಿತು. ವಿಭೂತಿಯ ಗುರುತೂ ಉಳಿಯಲಿಲ್ಲ. ನಾನು ಮೊದಲ ಸಲ ಬಾಗಿಲು ತೆಗೆದು ನೋಡಿದಾಗ ಏನೂ ಕಾಣದಿದ್ದುದು ಇದಕ್ಕೇ.

ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಸಿಕ್ಕಿತ್ತು. ವೃತ್ತ, ಗೀಟು, ಮೂಲೆಗಳ ಅಕ್ಷರಗಳು. ಕೊರಿಯನ್ ಭಾಷೆ. ಯಂತ್ರ ಮಾಡಿದವರು ಎಲ್ಲ ಸೂಚನೆಗಳನ್ನೂ ಇಂಗ್ಲಿಷಿಗೆ ತಿರುಗಿಸಿ, ಇದೊಂದನ್ನು ಮರೆತಿದ್ದರು. ಫೋನಿನ ಅನುವಾದಕ್ಕೆ ಹಾಕಿದೆ. ‘ದಯವಿಟ್ಟು ಗಾಜನ್ನು ಒರೆಸಿರಿ’ ಎಂದು ಬಂತು.

“ಇಷ್ಟ್ ಅದಬ್‌ಲೆ, ಮರ್ಯಾದಿಲೆ ಹೇಳ್ತದ, ಪಾಪ,” ಎಂದ ರಫೀಕ್‌ಭಾಯಿ.

ಇನ್ನು ಉಳಿದದ್ದು ನನ್ನ ಕೋಡು. ತೆಗೆದು ಓದಿದೆ. ಪ್ರತಿ ಲಿಪಿಯ ಅಕ್ಷರಗಳ ರೂಪ ಫಾಂಟ್ ಎಂಬ ಕಡತದಲ್ಲಿರುತ್ತದೆ. ಕನ್ನಡ ಹಾಕುವಾಗ ನಾನು ಹೀಗೆ ಬರೆದಿದ್ದೆ: ಅಕ್ಷರವೊಂದು ಇಂಗ್ಲಿಷ್ ಫಾಂಟಿನಲ್ಲಿ ಸಿಗದಿದ್ದರೆ ಕನ್ನಡ ಫಾಂಟಿಗೆ ಕಳಿಸು, ಕನ್ನಡ ಫಾಂಟಿನಲ್ಲಿ ಸಿಗದಿದ್ದರೆ ಇಂಗ್ಲಿಷ್ ಫಾಂಟಿಗೆ ಕಳಿಸು. ಎರಡರಲ್ಲೂ ಇಲ್ಲದ ಅಕ್ಷರ ಬಂದರೆ? ತಾಲ್ಲೂಕು ಕಚೇರಿಯಲ್ಲಿ ಈ ಕಿಟಕಿಯವರು ಆ ಕಿಟಕಿಗೆ, ಆ ಕಿಟಕಿಯವರು ಈ ಕಿಟಕಿಗೆ ಕಳಿಸಿದಂತೆ ಕೊರಿಯನ್ ಅಕ್ಷರ ಅತ್ತಿಂದಿತ್ತ ಅಲೆಯುತ್ತಿತ್ತು. ಪ್ರತಿ ಅಲೆದಾಟಕ್ಕೂ ಪ್ರೋಗ್ರಾಂ ಒಂದು ಚೂರು ನೆನಪು ಖರ್ಚು ಮಾಡುತ್ತಿತ್ತು. ಕಣ್ಣು ಮಿಟುಕಿಸುವುದರಲ್ಲಿ ಜಾಗ ತುಂಬಿ, ಚೆಲ್ಲಿ, ಕ್ರ್ಯಾಶ್.

ಆ ಸಾಲುಗಳ ಪಕ್ಕದಲ್ಲಿ, ಮುಂದೆ ಓದುವವರಿಗಾಗಿ ಎಂದು, ನಾನೇ ಒಂದು ಟಿಪ್ಪಣಿ ಬರೆದಿಟ್ಟಿದ್ದೆ: ‘ಈ ಎರಡು ಬಿಟ್ಟು ಬೇರೆ ಅಕ್ಷರ ಇಲ್ಲಿಗೆ ಬರುವುದಿಲ್ಲ.’ ಕೆಳಗೆ ನನ್ನ ಹೆಸರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಕ್ಕಲ್ಲ, ಅದರ ಮೇಲೆ ನಿಂತಿದ್ದ ಹೆಣ್ಣುಮಗಳಿಗೆ ಡೊಂಕು ಅಂದಿದ್ದೆ.

ತಿದ್ದಲು ಹಿಡಿದದ್ದು ಅರ್ಧ ಗಂಟೆ. ಎರಡು ಕಡೆಯೂ ಸಿಗದ ಅಕ್ಷರವನ್ನು ಅಲೆದಾಡಿಸದೆ ಖಾಲಿ ಚೌಕ ತೋರಿಸಿ ಮುಂದೆ ಹೋಗು ಎಂದು ಬರೆದೆ. ಜೊತೆಗೆ ಕೊರಿಯನ್ ಫಾಂಟನ್ನೂ ಹಾಕಿದೆ. ಯಂತ್ರಕ್ಕೆ ತನ್ನ ಮಾತು ಆಡುವ ಹಕ್ಕಿದೆ ಅನ್ನಿಸಿತು.

ಸಂಜೆ ಸಾಹುಕಾರ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ಅಂದ್ರ ವಿಭೂತಿಯಿಂದಲೇ ಆಗ್ಯಾದ. ಆಕಿದೇ ತಪ್ಪಾಯ್ತಲ್ಲ ಮೇಡಂ?” ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. “ಸಾಹುಕಾರ್ರ, ಶಿವರಾತ್ರಿ ದಿನ ನೀವೂ ಹಚ್ಚೀರಿ. ನಿಮ್ಮನ್ನ ಯಾರೂ ಮನಿಗೆ ಕಳಿಸಿಲ್ಲ. ವಿಭೂತಿ ಹಚ್ಚಿದ್ರ ಮಶೀನು ಏನ್ ಮಾಡಬೇಕೋ ಅದನ್ನೇ ಮಾಡ್ಯಾದ, ಗಾಜು ಒರಸ್ರಿ ಅಂದದ. ಅಷ್ಟು ಓದಲಾರದೆ ಬಿದ್ದು ಸತ್ತಿದ್ದು ನನ್ನ ಪ್ರೋಗ್ರಾಂ.”

ಅವರು ಮೀಸೆ ತಿರುವುತ್ತ ಕೂತರು. ಕೆಟ್ಟ ಮನುಷ್ಯರಲ್ಲ. ಕೊನೆಗೆ, “ಕರೀರಿ ಆಕಿನ್ನ” ಎಂದರು.

ಅಲ್ಲಿಂದಲೇ ಫೋನ್ ಮಾಡಿದೆ. ಮಹಾದೇವಿ ಕುಣಿದಾಡಲಿಲ್ಲ. “ಬರ್ತೀನ್ರಿ ಅಕ್ಕಾರ. ಖರೆ ಮಂದಿ ಮುಂದ ಅಂದ ಮಾತು ಮಂದಿ ಮುಂದೇ ತಿರುಗಿ ಆಗಬೇಕು. ಸುಮ್ನ ಬಂದು ಕುಂತ್ರ ನನ್ನ ಕೈಗುಣ ಹಂಗೇ ಉಳೀತದ.”

ಸೋಮವಾರ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಯಂತ್ರದ ಮುಂದೆ ಕೂಡಿಸಿದರು. ನಾನು ಹಳೆಯ ವರದಿಯನ್ನು ಮೊದಲು ಓದಿದೆ, ಆಮೇಲೆ ಹೊಸದನ್ನು. ‘ಕಾರಣ: ಪ್ರೋಗ್ರಾಂ ಬರೆದವರ ತಪ್ಪು. ಆಪರೇಟರ್ ಮಹಾದೇವಿಯವರದ್ದು ಏನೂ ತಪ್ಪಿಲ್ಲ. ತಪ್ಪು ಪತ್ತೆಯಾದದ್ದು ಅವರು ಕೊಟ್ಟ ಮಾಹಿತಿಯಿಂದ.’ ಪಾಲಿಟೆಕ್ನಿಕ್‌ನಲ್ಲಿ ಇಷ್ಟು ವರ್ಷ ತರಗತಿ ತೆಗೆದುಕೊಂಡವಳಿಗೆ ಮೂವತ್ತು ಜನರ ಮುಂದೆ ನಾಲ್ಕು ಸಾಲು ಓದುವುದು ಕಷ್ಟವಾಯಿತು. ಆದರೆ ಓದಿದ ಮಾತ್ರಕ್ಕೆ ಆಗಲಿಲ್ಲ. ಚೀಲ ಹೊರುವವನೊಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದದ್ದು ನನಗೂ ಮಹಾದೇವಿಗೂ ಕಂಡಿತು.

“ಹಚ್ಚಿ ತೋರಿಸ್ತೀನಿ,” ಎಂದಳು ಅವಳು.

ಸೆರಗಿನ ಗಂಟು ಬಿಚ್ಚಿ ವಿಭೂತಿ ಪೊಟ್ಟಣ ತೆಗೆದಳು. ಅಂದೂ ದೇವಸ್ಥಾನಕ್ಕೆ ಹೋಗಿಯೇ ಬಂದಿದ್ದಳು. ಬಾಗಿಲು ತೆಗೆದು, ಗಾಜು ಒರೆಸಿ, ಅದೇ ಜಾಗಕ್ಕೆ ಮೂರು ಬೆರಳು ಎಳೆದು, ಬಾಗಿಲು ಹಾಕಿ ಚಾಲೂ ಮಾಡಿದಳು. ಬೇಳೆ ಬೀಳತೊಡಗಿತು. ಯಾರೂ ಕದಲಲಿಲ್ಲ. ರಫೀಕ್‌ಭಾಯಿ ಗಡಿಯಾರ ನೋಡುತ್ತ ನಿಮಿಷ ಎಣಿಸುತ್ತಿದ್ದ. ಒಂಬತ್ತು. ಹತ್ತು. ಇನ್ನೊಂದು ತಪ್ಪು ಉಳಿದಿದ್ದರೆ ಈ ಹೆಣ್ಣುಮಗಳು ಮತ್ತೆಂದೂ ತಲೆ ಎತ್ತುವಂತಿರಲಿಲ್ಲ.

ಹನ್ನೊಂದನೆಯ ನಿಮಿಷಕ್ಕೆ ಪರದೆಯ ಕೆಳಗೆ ಒಂದು ಸಾಲು ಮೂಡಿತು. ವೃತ್ತ, ಗೀಟು, ಮೂಲೆ. ಕೊರಿಯನ್ ಅಕ್ಷರಗಳು ತುಂಬ ಅಂದವಾಗಿ ಕಂಡವು. ಪ್ರೋಗ್ರಾಂ ಸಾಯಲಿಲ್ಲ, ನಡೆದೇ ಇತ್ತು. ಗಾಳಿ ಟಪಟಪ ಎಂದು ಕಪ್ಪು ಕಾಳುಗಳನ್ನು ಹೊಡೆಯುತ್ತಲೇ ಇತ್ತು.

ಮಹಾದೇವಿ ಬಗ್ಗಿ ನೋಡಿದಳು. “ಏನಂತದ್ರಿ ಇದು?”

“ದಯವಿಟ್ಟು ಗಾಜು ಒರಸ್ರಿ ಅಂತದ.”

“ಅಷ್ಟೇ ಏನ್ರಿ?” ಅವಳು ನನ್ನ ಮುಖ ನೋಡಿದಳು. “ಮೊದಲೇ ಕೇಳಿದ್ರ ಒರಸ್ತಿದ್ದೆನಲ್ಲ ನಾ.”

ಮೊದಲು ನಕ್ಕವರು ಸಾಹುಕಾರ್ರು. ಆಮೇಲೆ ಎಲ್ಲರೂ ನಕ್ಕರು. ಪಿಸುಗುಟ್ಟಿದ್ದವನೂ ನಕ್ಕ. ಮಹಾದೇವಿ ಮಾತ್ರ ನಗಲಿಲ್ಲ. ಯಂತ್ರ ನಿಲ್ಲಿಸಿ, ಬಾಗಿಲು ತೆಗೆದು, ಗಾಜು ಒರೆಸಿ, ಪೊಟ್ಟಣದಲ್ಲಿ ಉಳಿದಿದ್ದ ವಿಭೂತಿಯನ್ನು ಬಾಗಿಲಿನ ಹೊರಗಿನ ತಗಡಿಗೆ ಹಚ್ಚಿ, ಮತ್ತೆ ಚಾಲೂ ಮಾಡಿದಳು. ಇಂದಿಗೂ ಅಲ್ಲೇ ಹಚ್ಚುತ್ತಾಳೆ. ಮೂವತ್ತು ಜನರ ಕಣ್ಣೆದುರು ಅದೇ ಕೈಯಿಂದ ಯಂತ್ರ ನಡೆದ ಮೇಲೆ ಕೈಗುಣದ ಮಾತು ಆ ಸಾಲಿನಲ್ಲಿ ಮತ್ತೆ ನನ್ನ ಕಿವಿಗೆ ಬಿದ್ದಿಲ್ಲ.

ನನ್ನ ವರದಿಯ ನಮೂನೆಯನ್ನು ಆ ವಾರವೇ ಬದಲಿಸಿದೆ. ಮೊದಲು ಅದರಲ್ಲಿ ‘ಕಾರಣ’ ಎಂಬ ಅಂಕಣ ಎಲ್ಲಕ್ಕಿಂತ ಮೇಲಿತ್ತು. ಈಗ ಎಲ್ಲಕ್ಕಿಂತ ಕೆಳಗಿದೆ. ಮೇಲಿನ ಅರ್ಧ ಪುಟ ಆಪರೇಟರ್‌ಗೆ ಬಿಟ್ಟದ್ದು. ಅವರು ಆ ದಿನ ಎದ್ದಾಗಿನಿಂದ ಏನೇನು ಮಾಡಿದರು ಎಂದು ಅವರದೇ ಮಾತಿನಲ್ಲಿ ಬರೆಸಿಕೊಳ್ಳುತ್ತೇನೆ. ತಪ್ಪು ಏನಾಯಿತು ಎಂದು ಕೇಳಿದರೆ ಜನ ಹೆದರುತ್ತಾರೆ. ಏನು ಮಾಡುತ್ತೀರಿ ಎಂದು ಕೇಳಿದರೆ ಹೇಳುತ್ತಾರೆ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಕೋಡಿನಲ್ಲಿದ್ದ ಆ ಟಿಪ್ಪಣಿಯನ್ನು ಮಾತ್ರ ಅಳಿಸಿಲ್ಲ. ‘ಈ ಎರಡು ಬಿಟ್ಟು ಬೇರೆ ಅಕ್ಷರ ಇಲ್ಲಿಗೆ ಬರುವುದಿಲ್ಲ’ ಎಂಬುದು ನನ್ನ ಹೆಸರಿನೊಂದಿಗೆ ಹಾಗೇ ಇದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಬಂತು. ಮಹಾದೇವಿ ನೋಡಿದ್ದಳು. ನಾನು ಕೇಳಲಿಲ್ಲ.’